ಬೈಬಲ್ಲಿನ ಕಥಾಸೂತ್ರವೂ ಕ್ರೈಸ್ತರ ವಾಕ್ಯಾರ್ಥನಿರ್ಣಯವೂ

೧

ಪ್ರಮಾಣವೆಂದು ಒಪ್ಪಿದ ಗ್ರಂಥದಲ್ಲಿ ಒಂದು ವಾಕ್ಯದ ಅರ್ಥವನ್ನು ನಿಶ್ಚಯಿಸುವ ಬಗೆ ಯಾವುದು ಎಂಬುದು ನಮ್ಮ ಪಂಡಿತರಿಗೆ ಹೊಸ ಪ್ರಶ್ನೆಯಲ್ಲ. ಉಪಕ್ರಮೋಪಸಂಹಾರಗಳು, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ ಎಂಬ ತಾತ್ಪರ್ಯಲಿಂಗಗಳನ್ನು ಮುಂದಿಟ್ಟುಕೊಂಡು ಮೀಮಾಂಸಕರೂ ವೇದಾಂತಿಗಳೂ ನಡೆಸಿರುವ ವಿಚಾರವು ಎಷ್ಟು ಸೂಕ್ಷ್ಮವಾದುದೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ವಿಸ್ತರಿಸಿ ಹೇಳಬೇಕಾದುದಿಲ್ಲ. ಆದರೆ ಇದೇ ಪ್ರಶ್ನೆಯನ್ನು ಇತರ ಮತಗಳ ವ್ಯಾಖ್ಯಾತೃಗಳು ಹೇಗೆ ಎದುರಿಸಿದರೆಂಬುದನ್ನು ನಾವು ವಿಚಾರಿಸಿರುವುದು ಅತ್ಯಲ್ಪ. ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸುವ ಉಪಾಧ್ಯಾಯರಿಗಂತೂ ಬೈಬಲ್ಲಿನ ಮಾತುಗಳು ಹೆಜ್ಜೆಹೆಜ್ಜೆಗೂ ಎದುರಾಗುತ್ತವೆ. ಅವುಗಳನ್ನು ಸುಭಾಷಿತಗಳಂತೆ ಒಂದೊಂದಾಗಿ ಬಿಡಿಸಿಕೊಂಡು ಅರ್ಥ ಹೇಳುವುದು ವಾಡಿಕೆ. ಕ್ರೈಸ್ತ ವ್ಯಾಖ್ಯಾತೃಗಳ ಮುಖ್ಯ ಪರಂಪರೆಯು ಹೀಗೆ ಬಿಡಿಸುವುದನ್ನು ಒಪ್ಪುವುದಿಲ್ಲ. ವಾಕ್ಯವು ಕಥೆಯಲ್ಲಿ ಎಲ್ಲಿ ನಿಂತಿದೆ, ಅದಕ್ಕೆ ಮೊದಲು ಏನು ನಡೆದಿದೆ, ಮುಂದೆ ಏನು ನಡೆಯಲಿದೆ ಎಂಬುದನ್ನು ತಿಳಿಯದೆ ಅದರ ಅರ್ಥವು ತಿಳಿಯದು ಎಂಬುದೇ ಆ ಪರಂಪರೆಯ ಮೂಲಸಿದ್ಧಾಂತ. ಈ ಸಿದ್ಧಾಂತದ ಸ್ವರೂಪವನ್ನೂ, ಅದು ಎಲ್ಲಿ ನಮ್ಮ ಮೀಮಾಂಸೆಗೆ ಸಮೀಪವಾಗುತ್ತದೆ, ಎಲ್ಲಿ ಅದಕ್ಕೆ ವಿಮುಖವಾಗುತ್ತದೆ ಎಂಬುದನ್ನೂ ತಿಳಿಸುವುದೇ ಈ ಲೇಖನದ ಉದ್ದೇಶ. ಇಲ್ಲಿ ಆ ಮತದ ಮಂಡನೆಯೂ ಇಲ್ಲ, ಖಂಡನೆಯೂ ಇಲ್ಲ. ವ್ಯಾಖ್ಯಾನಕ್ರಮದ ವಿಚಾರವಿಷ್ಟೇ ಪ್ರಕೃತ.

೨

ಬೈಬಲ್ ಎಂಬುದು ಒಂದು ಗ್ರಂಥವಲ್ಲ, ಗ್ರಂಥಸಮುಚ್ಚಯ. 'ಪುಸ್ತಕಗಳು' ಎಂಬರ್ಥದ ಗ್ರೀಕ್ ಬಹುವಚನದಿಂದಲೇ ಆ ಹೆಸರು ಬಂದಿದೆ. ಪ್ರಾಟೆಸ್ಟೆಂಟರ ಎಣಿಕೆಯಲ್ಲಿ ಹಳೆಯ ಒಡಂಬಡಿಕೆಗೆ ೩೯, ಹೊಸ ಒಡಂಬಡಿಕೆಗೆ ೨೭, ಒಟ್ಟು ೬೬ ಪುಸ್ತಕಗಳು. ರೋಮನ್ ಕ್ಯಾಥೊಲಿಕರು ಹಳೆಯ ಭಾಗದಲ್ಲಿ ೪೬ನ್ನು ಎಣಿಸುವುದರಿಂದ ಅವರಲ್ಲಿ ೭೩. ಇವುಗಳಲ್ಲಿ ವಂಶಾವಳಿಯಿದೆ, ಶಾಸನವಿದೆ, ಯಜ್ಞವಿಧಿಯಿದೆ, ಸ್ತೋತ್ರವಿದೆ, ನೀತಿವಾಕ್ಯವಿದೆ, ಪ್ರವಾದಿಗಳ ನುಡಿಯಿದೆ, ಪತ್ರಗಳಿವೆ. ಇಷ್ಟು ವಿಜಾತೀಯವಾದ ಸಾಮಗ್ರಿಗೆ ಏಕವಾಕ್ಯತೆಯು ಹೇಗೆ ಒದಗಬೇಕು? ಒಂದು ಆಖ್ಯಾನದ ಮೂಲಕವೇ ಒದಗಿತೆಂಬುದು ಕ್ರೈಸ್ತರ ಉತ್ತರ.

ಆ ಆಖ್ಯಾನವನ್ನು ಸಂಕ್ಷೇಪಿಸಿ ಹೇಳುವುದಾದರೆ ಹೀಗಿದೆ. ದೇವರು ಲೋಕವನ್ನು ಒಳ್ಳೆಯದಾಗಿ ಸೃಷ್ಟಿಸಿದನು. ಆದಾಮನ ಅವಿಧೇಯತೆಯಿಂದ ಅದು ಕೆಟ್ಟಿತು. ಅದನ್ನು ಸರಿಪಡಿಸುವುದಕ್ಕಾಗಿ ಅಬ್ರಹಾಮನೆಂಬ ಒಬ್ಬನನ್ನು ಕರೆದು, ಅವನ ಸಂತತಿಯ ಮೂಲಕ ಭೂಮಿಯ ಕುಲಗಳೆಲ್ಲಕ್ಕೂ ಆಶೀರ್ವಾದವುಂಟಾಗುವುದೆಂದು ವಾಗ್ದಾನ ಮಾಡಿದನು. ಆ ಸಂತತಿಯು ಐಗುಪ್ತದಲ್ಲಿ ದಾಸ್ಯಕ್ಕೆ ಸಿಕ್ಕಿ ಬಿಡುಗಡೆ ಹೊಂದಿತು, ಮೋಶೆಯ ಕೈಯಿಂದ ಧರ್ಮಶಾಸ್ತ್ರವನ್ನು ಪಡೆಯಿತು, ದಾವೀದನ ಕಾಲದಲ್ಲಿ ರಾಜ್ಯವಾಯಿತು, ಕ್ರಿ. ಪೂ. ೫೮೭ರ ಸುಮಾರಿನಲ್ಲಿ ಬಾಬಿಲೋನಿನವರಿಂದ ನಾಶ ಹೊಂದಿ ಸೆರೆಹೋಯಿತು. ಪಾರಸಿಕ ದೊರೆಯಾದ ಕೋರೆಷನ ಅಪ್ಪಣೆಯಿಂದ ಮರಳಿತು. ಮರಳಿದರೂ ಪ್ರವಾದಿಗಳು ಹೇಳಿದುದೆಲ್ಲವೂ ನೆರವೇರಲಿಲ್ಲವೆಂಬ ಕೊರತೆಯೊಂದು ಉಳಿಯಿತು. ಈ ಕೊರತೆಯು ಯೇಸುವಿನ ಜನನ, ಮರಣ, ಪುನರುತ್ಥಾನಗಳಲ್ಲಿ ತುಂಬಿತೆಂದೂ, ಆ ಪೂರ್ತಿಯು ಅನ್ಯಜನಾಂಗಗಳಿಗೂ ಹರಡುತ್ತಿದೆಯೆಂದೂ, ಕಡೆಗೆ ನೂತನ ಸೃಷ್ಟಿಯಲ್ಲಿ ಸಂಪೂರ್ಣವಾಗುವುದೆಂದೂ ಹೊಸ ಒಡಂಬಡಿಕೆಯು ಸಾರುತ್ತದೆ. ಆದಿಕಾಂಡದ ಮೊದಲಲ್ಲಿ ಕಾಣುವ ಜೀವವೃಕ್ಷವು ಪ್ರಕಟನೆಯ ಕೊನೆಯಲ್ಲಿ ಮತ್ತೆ ಕಾಣುತ್ತದೆ. ಉಪಕ್ರಮಕ್ಕೂ ಉಪಸಂಹಾರಕ್ಕೂ ಇರುವ ಈ ಹೊಂದಿಕೆಯನ್ನು ಕ್ರೈಸ್ತ ವ್ಯಾಖ್ಯಾತೃಗಳು ಆಕಸ್ಮಿಕವೆಂದು ಎಣಿಸುವುದಿಲ್ಲ.

ಪುಸ್ತಕಗಳ ಜೋಡಣೆಯೇ ಕಥೆಯ ಗತಿಯನ್ನು ಬದಲಿಸಬಲ್ಲದೆಂಬುದಕ್ಕೆ ಇಲ್ಲಿ ಒಂದು ಒಳ್ಳೆಯ ನಿದರ್ಶನವಿದೆ. ಪ್ರಾಟೆಸ್ಟೆಂಟರ ಹಳೆಯ ಒಡಂಬಡಿಕೆಯ ೩೯ ಪುಸ್ತಕಗಳೂ ಯೆಹೂದ್ಯರ ೨೪ ಪುಸ್ತಕಗಳೂ ವಸ್ತುತಃ ಒಂದೇ. ವಿಭಾಗದಲ್ಲಿ ಮಾತ್ರ ಭೇದ. ಆದರೆ ಈಗ ಮುದ್ರಿತವಾಗುವ ಯೆಹೂದ್ಯ ಪ್ರತಿಗಳಲ್ಲಿ ಸಾಮಾನ್ಯವಾಗಿ ಕಡೆಯದು ಪೂರ್ವಕಾಲವೃತ್ತಾಂತ. ಅದು ಕೋರೆಷನ ಅಪ್ಪಣೆಯಲ್ಲಿ ಮುಗಿಯುತ್ತದೆ. ಎಂದರೆ ಕಥೆಯು ಯೆರೂಸಲೇಮಿಗೆ ಹಿಂದಿರುಗುವುದರ ಕಡೆಗೆ ಮುಖಮಾಡಿ ನಿಲ್ಲುತ್ತದೆ. ಕ್ರೈಸ್ತ ಪ್ರತಿಗಳಲ್ಲಿ ಸಾಮಾನ್ಯವಾಗಿ ಕಡೆಯದು ಮಲಾಕಿಯನ ಪುಸ್ತಕ. ಅದು ಎಲೀಯನೆಂಬ ಪ್ರವಾದಿಯು ಮತ್ತೆ ಬರುವನೆಂಬ ನಿರೀಕ್ಷೆಯಲ್ಲಿ ಮುಗಿಯುತ್ತದೆ. ಪುಟ ತಿರುವಿದರೆ ಮತ್ತಾಯನ ಸುವಾರ್ತೆ. ಅಲ್ಲಿ ಮೂರನೆಯ ಅಧ್ಯಾಯದಲ್ಲಿಯೇ ಎಲೀಯನ ವೇಷವನ್ನು ನೆನಪಿಗೆ ತರುವ ಸ್ನಾನಿಕ ಯೋಹಾನನು ಕಾಣಿಸಿಕೊಳ್ಳುತ್ತಾನೆ. ವಾಕ್ಯಗಳು ಅವೇ, ಜೋಡಣೆ ಬೇರೆಯಾದುದರಿಂದ ಆಕಾಂಕ್ಷೆಯು ಬೇರೆಯಾಯಿತು. ಆಕಾಂಕ್ಷೆಯು ಬೇರೆಯಾದ ಮೇಲೆ ಅರ್ಥವೂ ಬೇರೆಯಾಗುವುದು ಸಹಜವಷ್ಟೆ.

೩

ಕಥಾಸೂತ್ರವು ವಾಕ್ಯಾರ್ಥವನ್ನು ಹೇಗೆ ನಿಯಮಿಸುತ್ತದೆಂಬುದನ್ನು ಒಂದು ಕಠಿನ ಸ್ಥಳದಲ್ಲಿ ಪರೀಕ್ಷಿಸೋಣ. ಕ್ರಿಸ್ತಪೂರ್ವ ಎಂಟನೆಯ ಶತಮಾನದ ಹೋಶೇಯನೆಂಬ ಪ್ರವಾದಿಯು ತನ್ನ ಗ್ರಂಥದ ಹನ್ನೊಂದನೆಯ ಅಧ್ಯಾಯದ ಆದಿಯಲ್ಲಿ, ದೇವರು ಇಸ್ರಾಯೇಲನ್ನು ಮಗನಂತೆ ಪ್ರೀತಿಸಿ ಐಗುಪ್ತದಿಂದ ಹೊರಕ್ಕೆ ಕರೆದನೆಂದು ನೆನೆಯುತ್ತಾನೆ. ಇದು ಭೂತಕಾಲದ ಮಾತು, ಭವಿಷ್ಯವಾಣಿಯಲ್ಲ. 'ಮಗ'ನೆಂಬುದು ಇಡೀ ಜನಾಂಗ, ಒಬ್ಬ ವ್ಯಕ್ತಿಯಲ್ಲ. ಹೀಗಿದ್ದರೂ ಮತ್ತಾಯನು ತನ್ನ ಎರಡನೆಯ ಅಧ್ಯಾಯದಲ್ಲಿ, ಶಿಶುವಾದ ಯೇಸುವನ್ನು ಹೆರೋದನ ಭಯದಿಂದ ಐಗುಪ್ತಕ್ಕೆ ಕರೆದೊಯ್ದ ಸಂಗತಿಯನ್ನು ಹೇಳುತ್ತ, ಹೋಶೇಯನ ಆ ಮಾತು ಇದರಿಂದ ನೆರವೇರಿತೆನ್ನುತ್ತಾನೆ.

ಇಲ್ಲಿ ಪೂರ್ವಪಕ್ಷವು ಸ್ಪಷ್ಟವಾಗಿದೆ: ನಡೆದುಹೋದುದನ್ನು ಹೇಳುವ ವಾಕ್ಯವು 'ನೆರವೇರು'ವುದೆಂದರೇನು? ಪ್ರಕರಣವನ್ನು ಬಿಟ್ಟು ವಾಕ್ಯವನ್ನು ಕಿತ್ತುಕೊಂಡದ್ದಲ್ಲವೆ?

ಸಿದ್ಧಾಂತಿಗಳ ಉತ್ತರವು ಇಂತಿದೆ. ಮತ್ತಾಯನು ಹೋಶೇಯನ ವಾಕ್ಯವೊಂದನ್ನೇ ಅಲ್ಲ, ಆ ವಾಕ್ಯವು ನಿಂತಿರುವ ಕಥೆಯನ್ನು ಉದಾಹರಿಸುತ್ತಿದ್ದಾನೆ. ವಿಮೋಚನಕಾಂಡದ ನಾಲ್ಕನೆಯ ಅಧ್ಯಾಯದಲ್ಲಿಯೇ ಇಸ್ರಾಯೇಲನ್ನು ದೇವರ ಚೊಚ್ಚಲಮಗನೆಂದು ಕರೆದಿದೆ. ಆ ಮಗನು ನೀರನ್ನು ದಾಟಿ, ಅರಣ್ಯದಲ್ಲಿ ನಲವತ್ತು ವರ್ಷ ಶೋಧನೆಗೆ ಗುರಿಯಾಗಿ, ಅಲ್ಲಿ ಸೋತನು. ಮತ್ತಾಯನ ಯೇಸುವು ಐಗುಪ್ತದಿಂದ ಮರಳುತ್ತಾನೆ. ಯೊರ್ದನ್ ಹೊಳೆಯಲ್ಲಿ ಮುಳುಗಿ ಏಳುವಾಗ ಮಗನೆಂದು ಕರೆಯಲ್ಪಡುತ್ತಾನೆ. ಅರಣ್ಯದಲ್ಲಿ ನಲವತ್ತು ದಿನ ಶೋಧನೆಗೆ ಗುರಿಯಾಗುತ್ತಾನೆ. ಅಲ್ಲಿ ಶೋಧಕನಿಗೆ ಅವನು ಕೊಡುವ ಮೂರು ಉತ್ತರಗಳೂ ಧರ್ಮೋಪದೇಶಕಾಂಡದಿಂದಲೇ, ಎಂದರೆ ಇಸ್ರಾಯೇಲಿನ ಅರಣ್ಯವಾಸವನ್ನು ಕುರಿತ ಭಾಗದಿಂದಲೇ, ಬಂದವು. ಆ ಮಗನು ಸೋತಲ್ಲಿ ಈ ಮಗನು ಗೆದ್ದನೆಂಬುದೇ ಮತ್ತಾಯನ ತಾತ್ಪರ್ಯ. ಆದುದರಿಂದ 'ನೆರವೇರಿತು' ಎಂಬುದಕ್ಕೆ 'ಮುಂದೆ ಹೀಗಾಗುವುದೆಂದು ಹೇಳಿದ್ದು ಹಾಗೆಯೇ ಆಯಿತು' ಎಂಬಷ್ಟೇ ಅರ್ಥವಲ್ಲ. 'ಅರ್ಧಕ್ಕೆ ನಿಂತಿದ್ದ ಕಥೆಯು ತುಂಬಿತು' ಎಂದರ್ಥ. ಇದಲ್ಲದೆ, ಹೋಶೇಯನೇ ಅದೇ ಅಧ್ಯಾಯದ ಹನ್ನೊಂದನೆಯ ವಚನದಲ್ಲಿ, ಚದರಿಹೋದ ಜನವು ಐಗುಪ್ತದಿಂದ ಮತ್ತೊಮ್ಮೆ ಹಕ್ಕಿಗಳಂತೆ ಬರುವುದೆಂದು ಹೇಳಿರುವುದನ್ನು ನೋಡಿದರೆ, ಹಳೆಯ ಬಿಡುಗಡೆಯು ಹೊಸದೊಂದರ ಮುನ್ನೆರಳೆಂಬ ಭಾವನೆಯು ಮೂಲದಲ್ಲಿಯೇ ಇದೆಯೆಂದು ತೋರುತ್ತದೆ. ಇದನ್ನು ಅಭ್ಯಾಸವೆಂಬ ಲಿಂಗಕ್ಕೆ ಹೋಲಿಸಬಹುದು. ಆದರೆ ಇಲ್ಲಿ ಆವೃತ್ತವಾಗುವುದು ಶಬ್ದವಲ್ಲ, ಘಟನೆ.

ಈ ಬಗೆಯ ಓದಿನಲ್ಲಿ ಒಂದು ಘಟನೆಯೂ ಇನ್ನೊಂದು ಘಟನೆಯೂ ಛಾಯಾಬಿಂಬಗಳಂತೆ ಸಂಬಂಧಿಸುತ್ತವೆ. ಇದು ರೂಪಕವ್ಯಾಖ್ಯಾನಕ್ಕಿಂತ ಭಿನ್ನ. ರೂಪಕವ್ಯಾಖ್ಯಾನದಲ್ಲಿ ವಾಚ್ಯಾರ್ಥವು ಹೊದಿಕೆ ಮಾತ್ರ. ಒಳಗಿನ ತತ್ತ್ವವು ದೊರೆತ ಮೇಲೆ ಅದನ್ನು ಬಿಡಬಹುದು. ಅಲೆಕ್ಸಾಂಡ್ರಿಯದ ಓರಿಗೆನನು ಮೂರನೆಯ ಶತಮಾನದಲ್ಲಿ ಈ ಮಾರ್ಗವನ್ನು ಬಹುದೂರ ಬೆಳೆಸಿದನು. ಮುನ್ನೆರಳಿನ ಓದಿನಲ್ಲಿ ಹಾಗಲ್ಲ. ಐಗುಪ್ತದ ಬಿಡುಗಡೆಯು ನಿಜವಾಗಿ ನಡೆದಿದ್ದರಲ್ಲವೆ ಅದು ಮುಂದಿನದಕ್ಕೆ ನೆರಳಾಗುವುದು? ಅಂತಿಯೋಕ್ಯದ ಪಂಡಿತರು, ವಿಶೇಷವಾಗಿ ತಾರ್ಸದ ದಿಯೊದೋರನೂ ಮೊಪ್ಸುವೆಸ್ತಿಯದ ಥಿಯೊದೋರನೂ, ಓರಿಗೆನನ ಮಾರ್ಗವನ್ನು ಆಕ್ಷೇಪಿಸಿದುದು ಈ ನಿಮಿತ್ತದಿಂದಲೇ. ಕಥೆಯ ಕ್ರಮವನ್ನು ಕಳೆದರೆ ಶಾಸ್ತ್ರವೇ ಕಳೆದುಹೋದೀತೆಂಬುದು ಅವರ ಭಯ.

೪

ಕಥೆಯ ಪೌರ್ವಾಪರ್ಯವನ್ನೇ ಹೇತುವಾಗಿ ಹಿಡಿದು ವಾದಿಸಿದವರಲ್ಲಿ ಅಪೊಸ್ತಲನಾದ ಪೌಲನು ಮೊದಲಿಗನು. ಅನ್ಯಜನಾಂಗದವರು ಕ್ರೈಸ್ತರಾಗಬೇಕಾದರೆ ಸುನ್ನತಿ ಮಾಡಿಸಿಕೊಳ್ಳಬೇಕೋ ಬೇಡವೋ ಎಂಬ ವಿವಾದದಲ್ಲಿ, ಸುನ್ನತಿಯ ವಿಧಿಯನ್ನು ತೋರಿಸುವ ಪ್ರತಿವಾದಿಗಳಿಗೆ ಅವನು ಕಥಾಕ್ರಮವನ್ನು ತೋರಿಸುತ್ತಾನೆ. ಅಬ್ರಹಾಮನ ನಂಬಿಕೆಯು ನೀತಿಯೆಂದು ಎಣಿಸಲ್ಪಟ್ಟುದು ಆದಿಕಾಂಡದ ಹದಿನೈದನೆಯ ಅಧ್ಯಾಯದಲ್ಲಿ. ಸುನ್ನತಿಯ ವಿಧಿಯು ಬರುವುದು ಹದಿನೇಳನೆಯದರಲ್ಲಿ. ನಡುವಣ ಅಧ್ಯಾಯದಲ್ಲಿ ಇಷ್ಮಾಯೇಲನು ಹುಟ್ಟಿದಾಗ ಅಬ್ರಹಾಮನಿಗೆ ೮೬ ವರ್ಷ, ಸುನ್ನತಿಯಾದಾಗ ೯೯. ಆದುದರಿಂದ ಇವೆರಡಕ್ಕೂ ಕನಿಷ್ಠ ೧೩ ವರ್ಷಗಳ ಅಂತರವಿದೆ. ಸುನ್ನತಿಗೆ ಮೊದಲೇ ನೀತಿವಂತನೆನಿಸಿಕೊಂಡವನು ಸುನ್ನತಿಯಿಲ್ಲದವರಿಗೂ ತಂದೆಯಲ್ಲವೆ ಎಂಬುದು ರೋಮಾಪುರದವರಿಗೆ ಬರೆದ ಪತ್ರದ ನಾಲ್ಕನೆಯ ಅಧ್ಯಾಯದ ಯುಕ್ತಿ. ಎರಡು ವಾಕ್ಯಗಳನ್ನು ಕ್ರಮವಿಲ್ಲದೆ ಪಕ್ಕಪಕ್ಕದಲ್ಲಿಟ್ಟರೆ ಈ ಯುಕ್ತಿಯು ಹುಟ್ಟುವುದೇ ಇಲ್ಲ. ಗಲಾತ್ಯದವರಿಗೆ ಬರೆದ ಪತ್ರದ ಮೂರನೆಯ ಅಧ್ಯಾಯದಲ್ಲಿ ಇದನ್ನೇ ವಿಸ್ತರಿಸಿ, ವಾಗ್ದಾನವಾಗಿ ೪೩೦ ವರ್ಷಗಳಾದ ಮೇಲೆ ಬಂದ ಧರ್ಮಶಾಸ್ತ್ರವು ಮೊದಲಿನ ವಾಗ್ದಾನವನ್ನು ಬಾಧಿಸಲಾರದೆನ್ನುತ್ತಾನೆ. ಹಾಗಾದರೆ ಧರ್ಮಶಾಸ್ತ್ರವು ವ್ಯರ್ಥವೆ? ಅಲ್ಲ, ಬಾಲಕನನ್ನು ಕೈಹಿಡಿದು ಗುರುವಿನ ಮನೆಗೆ ಕರೆದೊಯ್ಯುವ ಸೇವಕನಂತೆ ಅದು ನಡುಗಾಲಕ್ಕೆ ನೇಮಿತವಾದುದು.

ಇದಕ್ಕೆ ವಿರುದ್ಧವಾಗಿ ತೋರುವ ಯುಕ್ತಿಯು ಇಬ್ರಿಯರಿಗೆ ಬರೆದ ಪತ್ರದಲ್ಲಿದೆ. ಅಲ್ಲಿ ಬಲವು ಹಿಂದಿನದಕ್ಕಲ್ಲ, ಮುಂದಿನದಕ್ಕೆ. ಯೆಹೋಶುವನು ಜನರನ್ನು ದೇಶಕ್ಕೆ ಸೇರಿಸಿ ಬಹುಕಾಲವಾದ ಮೇಲೆ ೯೫ನೆಯ ಕೀರ್ತನೆಯು ವಿಶ್ರಾಂತಿಯ ವಿಷಯವನ್ನು ಮತ್ತೆ ಎತ್ತುವುದರಿಂದ, ಯೆಹೋಶುವನು ಕೊಟ್ಟ ವಿಶ್ರಾಂತಿಯು ಕಡೆಯದಲ್ಲವೆಂದು ಆ ಪತ್ರದ ಕರ್ತೃವು ಸಾಧಿಸುತ್ತಾನೆ. ಯೆರೆಮೀಯನ ೩೧ನೆಯ ಅಧ್ಯಾಯದಲ್ಲಿ 'ಹೊಸ' ಒಡಂಬಡಿಕೆಯ ಮಾತು ಬಂದಿರುವುದರಿಂದ, ಮೋಶೆಯ ಕಾಲದ್ದು ಹಳೆಯದಾಯಿತೆನ್ನುತ್ತಾನೆ.

ನಮ್ಮ ವಾಚಕರಿಗೆ ಇಲ್ಲಿ ಪರಿಚಿತವಾದೊಂದು ವಿವಾದವು ನೆನಪಾಗದೆ ಇರದು. ಜೈಮಿನಿಯ ಮೂರನೆಯ ಅಧ್ಯಾಯದಲ್ಲಿ ಉಪಕ್ರಮವು ಪ್ರಬಲ. ಅಲ್ಲಿ ಆದಿಯಲ್ಲಿ ವೇದಗಳ ಪ್ರಸ್ತಾಪವಿರುವುದರಿಂದ ಕೊನೆಯಲ್ಲಿ ಬರುವ 'ಋಕ್' ಶಬ್ದಕ್ಕೆ ಋಗ್ವೇದವೆಂದೇ ಅರ್ಥ. ಆರನೆಯ ಅಧ್ಯಾಯದ ಅಪಚ್ಛೇದನ್ಯಾಯದಲ್ಲಿ ಪರವು ಪ್ರಬಲ. ಅಲ್ಲಿ ಒಬ್ಬರ ಹಿಂದೊಬ್ಬರು ಹಿಡಿದು ನಡೆಯುವ ಋತ್ವಿಜರಲ್ಲಿ ಇಬ್ಬರು ಕ್ರಮವಾಗಿ ಕೈಬಿಟ್ಟರೆ ಕಡೆಯವನಿಗೆ ಹೇಳಿದ ಪ್ರಾಯಶ್ಚಿತ್ತವೇ ನಡೆಯತಕ್ಕದ್ದು. ಯಾವುದು ಎಲ್ಲಿ ಸಲ್ಲುತ್ತದೆಂಬುದರ ಮೇಲೆ ಅಪ್ಪಯ್ಯದೀಕ್ಷಿತರು 'ಉಪಕ್ರಮಪರಾಕ್ರಮ'ವನ್ನೂ, ವ್ಯಾಸತೀರ್ಥರ ಶಿಷ್ಯರಾದ ವಿಜಯೀಂದ್ರತೀರ್ಥರು 'ಉಪಸಂಹಾರವಿಜಯ'ವನ್ನೂ ರಚಿಸಿದುದು ಪ್ರಸಿದ್ಧವೇ ಆಗಿದೆ. ಏಕವಾಕ್ಯತೆಯಿರುವಲ್ಲಿ ಪೂರ್ವವೂ, ಪರಸ್ಪರ ನಿರಪೇಕ್ಷವಾದಲ್ಲಿ ಪರವೂ ಪ್ರಬಲವೆಂಬುದು ಸಾಮಾನ್ಯವಾಗಿ ಹೇಳುವ ವ್ಯವಸ್ಥೆ.

ಹಾಗಾದರೆ ಪೌಲನು ಉಪಕ್ರಮವಾದಿಯೂ ಇಬ್ರಿಯಪತ್ರದ ಕರ್ತೃವು ಉಪಸಂಹಾರವಾದಿಯೂ ಆದರೆ? ಸೂಕ್ಷ್ಮವಾಗಿ ನೋಡಿದರೆ ಹಾಗಲ್ಲ. ಇಬ್ರಿಯಪತ್ರದ ಏಳನೆಯ ಅಧ್ಯಾಯವು ಇದಕ್ಕೆ ಬೀಗದ ಕೈಯಂತಿದೆ. ಲೇವಿಯ ಕುಲದ ಯಾಜಕತ್ವವು ಶಾಶ್ವತವಲ್ಲವೆಂದು ಸಾಧಿಸಲು ಆ ಕರ್ತೃವು ಎರಡು ಕಡೆಗಳಿಂದ ಹೇತುಗಳನ್ನು ತರುತ್ತಾನೆ. ಆದಿಕಾಂಡದ ೧೪ನೆಯ ಅಧ್ಯಾಯದ ಮೆಲ್ಕಿಚೆದೇಕನೆಂಬ ಯಾಜಕರಾಜನು ಲೇವಿಯು ಹುಟ್ಟುವುದಕ್ಕೂ ಮೊದಲೇ ಅಬ್ರಹಾಮನಿಂದ ದಶಮಾಂಶವನ್ನು ಪಡೆದವನು, ಇದು ಪೂರ್ವಹೇತು. ಧರ್ಮಶಾಸ್ತ್ರವು ಬಂದ ಮೇಲಿನ ೧೧೦ನೆಯ ಕೀರ್ತನೆಯು ಅದೇ ಮೆಲ್ಕಿಚೆದೇಕನ ತೆರನಾದ ಯಾಜಕನೊಬ್ಬನನ್ನು ನಿರೀಕ್ಷಿಸುತ್ತದೆ, ಇದು ಪರಹೇತು. ಆದಿಯೂ ಅಂತ್ಯವೂ ಒಂದನ್ನೇ ಹೇಳುತ್ತಿರುವಲ್ಲಿ ನಡುವಣ ಲೇವಿಯ ವ್ಯವಸ್ಥೆಯು ಶೇಷವಾಯಿತು. ಆದುದರಿಂದ ಕ್ರೈಸ್ತರ ನ್ಯಾಯವು ಕೇವಲ ಉಪಕ್ರಮನ್ಯಾಯವೂ ಅಲ್ಲ, ಕೇವಲ ಅಪಚ್ಛೇದನ್ಯಾಯವೂ ಅಲ್ಲ. ಆದಿಯಲ್ಲಿ ವಾಗ್ದಾನ, ಅಂತ್ಯದಲ್ಲಿ ಅದರ ಪೂರ್ತಿ. ಇವೆರಡರ ಐಕ್ಯದಿಂದ ಮಧ್ಯಕ್ಕೆ ಅರ್ಥನಿರ್ಣಯ. ಹೊಸದು ಹಳೆಯದನ್ನು ಹೊರಗಿನಿಂದ ಬಂದು ಬಾಧಿಸಿತೆಂದು ಅವರು ಹೇಳುವುದಿಲ್ಲ. ಹಳೆಯದರೊಳಗೇ ಹಳೆಯದು ಅಪೂರ್ಣವೆಂಬ ಸಾಕ್ಷ್ಯವಿದೆಯೆಂದು ಹೇಳುತ್ತಾರೆ.

೫

ಇಲ್ಲಿಯವರೆಗೆ ಸಾಮ್ಯವನ್ನು ಹೇಳಿದ್ದಾಯಿತು. ವೈಷಮ್ಯವು ಇದಕ್ಕಿಂತ ಮುಖ್ಯವಾದುದು. ಪೂರ್ವಮೀಮಾಂಸೆಯಲ್ಲಿ ವೇದವು ಅಪೌರುಷೇಯ, ಅನಾದಿ. ಅದರಲ್ಲಿ ಇತಿವೃತ್ತವಿದ್ದರೆ ಅದಕ್ಕೂ ಹಿಂದೆ ಒಂದು ಕಾಲವಿತ್ತೆಂದು ಒಪ್ಪಬೇಕಾಗುತ್ತದೆ. ಆದಕಾರಣ ಬಬರ ಪ್ರಾವಾಹಣಿ ಎಂಬ ಹೆಸರು ಕಂಡರೂ ಅದು ಮನುಷ್ಯನ ಹೆಸರಲ್ಲ, ಬೀಸುವ ಗಾಳಿಯ ಶಬ್ದವೆಂದು ವ್ಯಾಖ್ಯಾನಿಸಿದರು. ಆಖ್ಯಾನಗಳೆಲ್ಲ ಅರ್ಥವಾದಗಳಾಗಿ ವಿಧಿಯನ್ನು ಸ್ತುತಿಸಿ ಸಾರ್ಥಕವಾಗುತ್ತವೆ. ಕ್ರೈಸ್ತವ್ಯಾಖ್ಯಾನದಲ್ಲಿ ಇದು ತಲೆಕೆಳಗಾಗಿದೆ. ಅಲ್ಲಿ ಆಖ್ಯಾನವು ವಿಧಿಗೆ ಶೇಷ. ಇಲ್ಲಿ ವಿಧಿಯು ಆಖ್ಯಾನಕ್ಕೆ ಶೇಷ.

ಯಾಜಕಕಾಂಡದಲ್ಲಿ ಪಶುಬಲಿಯ ವಿಧಿಯಿದೆ, ಭಕ್ಷ್ಯಾಭಕ್ಷ್ಯದ ವಿಧಿಯಿದೆ. ಲಿಙಾದಿಪ್ರತ್ಯಯಗಳ ಬಲವನ್ನು ಮಾತ್ರ ನೋಡಿದರೆ ಇವು ಇತರ ವಿಧಿಗಳಿಗಿಂತ ಯಾವುದರಲ್ಲಿಯೂ ಕಡಮೆಯಲ್ಲ. ಆದರೂ ಕ್ರೈಸ್ತರು ಸಾಮಾನ್ಯವಾಗಿ ಇವನ್ನು ಆಚರಿಸುವುದಿಲ್ಲ. ವಿಧಿಯನ್ನು ನಿರಾಕರಿಸಿ ಬಿಟ್ಟರೆಂದಲ್ಲ. ಕಥೆಯಲ್ಲಿ ಅದರ ಕಾರ್ಯವು ಮುಗಿಯಿತೆಂದು ಬಿಟ್ಟರು. ಬಲಿಗಳೆಲ್ಲ ಕ್ರಿಸ್ತನ ಮರಣಕ್ಕೆ ಮುನ್ನೆರಳು. ಬಿಂಬವು ಬಂದ ಮೇಲೆ ನೆರಳಿಗೆ ಕೆಲಸವಿಲ್ಲ. ಭಕ್ಷ್ಯಾಭಕ್ಷ್ಯನಿಯಮವು ಒಂದು ಜನವನ್ನು ಇತರರಿಂದ ಬೇರ್ಪಡಿಸಿಡುವುದಕ್ಕಾಗಿ ಬಂದುದು. ಸಕಲ ಕುಲಗಳಿಗೂ ಆಶೀರ್ವಾದವೆಂಬ ವಾಗ್ದಾನವು ಫಲಿಸಿದ ಮೇಲೆ ಆ ಗೋಡೆಗೆ ಪ್ರಯೋಜನವಿಲ್ಲ. ಅಪೊಸ್ತಲರ ಕೃತ್ಯಗಳ ಹತ್ತನೆಯ ಮತ್ತು ಹದಿನೈದನೆಯ ಅಧ್ಯಾಯಗಳಲ್ಲಿ ಈ ನಿರ್ಣಯವು ಹೇಗಾಯಿತೆಂಬುದನ್ನು ನೋಡಬಹುದು. ಯೆರೂಸಲೇಮಿನ ಸಭೆಯು ಕೇವಲ ಸೂತ್ರಗಳನ್ನು ತೂಗಿ ನಿರ್ಣಯಿಸಲಿಲ್ಲ; ಅನ್ಯರಲ್ಲಿ ಏನು ನಡೆಯಿತೆಂಬುದನ್ನು ಕೇಳಿ, ಅದು ಪ್ರವಾದಿಗಳ ಮಾತಿಗೆ ಹೊಂದುವುದನ್ನು ಕಂಡು ನಿರ್ಣಯಿಸಿತು.

ಇದರಿಂದ ಇನ್ನೊಂದು ತೊಡಕು ಹುಟ್ಟುತ್ತದೆ. ಕಥೆಯ ಪರ್ವವಿಭಾಗವನ್ನು ಬದಲಾಯಿಸಿದರೆ ವಿಧಿಯೂ ಬದಲಾಗಬೇಕಷ್ಟೆ. ಹಾಗೆಯೇ ಆಗಿದೆ. ೧೫೨೫ರಲ್ಲಿ ಜೂರಿಕ್ ನಗರದಲ್ಲಿ ಶಿಶುಗಳಿಗೆ ದೀಕ್ಷಾಸ್ನಾನ ಕೊಡಬಹುದೆ ಎಂಬ ವಿವಾದವೆದ್ದಿತು. ಹಳೆಯ ಒಡಂಬಡಿಕೆಯೂ ಹೊಸದೂ ಒಂದೇ ಒಡಂಬಡಿಕೆಯ ಎರಡು ಅವಸ್ಥೆಗಳಾದುದರಿಂದ, ಅಲ್ಲಿ ಶಿಶುವಿಗೆ ಸುನ್ನತಿಯಾದಂತೆ ಇಲ್ಲಿ ಸ್ನಾನವಾಗಬೇಕೆಂಬುದು ಜ್ವಿಂಗ್ಲಿಯ ಪಕ್ಷ. ಹೊಸ ಪರ್ವದಲ್ಲಿ ಜನ್ಮದಿಂದಲ್ಲ, ನಂಬಿಕೆಯಿಂದಲೇ ಪ್ರವೇಶವೆಂಬುದು ಪುನಃಸ್ನಾನವಾದಿಗಳ ಪಕ್ಷ. ಇಬ್ಬರಿಗೂ ವಾಕ್ಯಗಳು ಸಮಾನ. ಕಥೆಯಲ್ಲಿ ಸಂಧಿಯು ಎಲ್ಲಿದೆಯೆಂಬುದರಲ್ಲಿ ಮಾತ್ರ ಭೇದ. ಆ ಭೇದಕ್ಕಾಗಿ ಪ್ರಾಣ ಕಳೆದುಕೊಂಡವರಿದ್ದಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜಾನ್ ನೆಲ್ಸನ್ ಡಾರ್ಬಿಯು ಕಥೆಯನ್ನು ಹಲವು ಯುಗಗಳಾಗಿ ಒಡೆದು, ಇಸ್ರಾಯೇಲಿಗೆ ಹೇಳಿದ ವಾಗ್ದಾನಗಳು ಸಭೆಗೆ ಸಲ್ಲವೆಂದನು. ೧೯೦೯ರಲ್ಲಿ ಅಚ್ಚಾದ ಸ್ಕೋಫೀಲ್ಡ್ ಟಿಪ್ಪಣಿಯ ಬೈಬಲ್ಲು ಏಳು ಯುಗಗಳ ಆ ವಿಭಾಗವನ್ನು ಅಮೆರಿಕದ ಮನೆಮನೆಗೆ ಮುಟ್ಟಿಸಿತು. ಸೂತ್ರವೊಂದೇ ಇದ್ದರೂ ಗಂಟುಗಳನ್ನು ಹಾಕುವವರು ಹಲವರು.

೬

ಕಥಾಸೂತ್ರವೇ ವ್ಯಾಖ್ಯಾನಕ್ಕೆ ನಿಯಾಮಕವೆಂಬ ತತ್ತ್ವವು ಸ್ಪಷ್ಟವಾಗಿ ಪ್ರತಿಪಾದಿತವಾದುದು ಎರಡನೆಯ ಶತಮಾನದ ಕಲಹಗಳಲ್ಲಿ. ಪೊಂತದ ಸಿನೋಪೆಯವನಾದ ಮಾರ್ಸಿಯೋನನು ಹಳೆಯ ಒಡಂಬಡಿಕೆಯ ದೇವರೇ ಬೇರೆ, ಯೇಸುವಿನ ತಂದೆಯೇ ಬೇರೆ ಎಂದು ವಾದಿಸಿ, ಹಳೆಯದನ್ನು ಸಂಪೂರ್ಣವಾಗಿ ತ್ಯಜಿಸಿದನು. ಲೂಕನ ಸುವಾರ್ತೆಯ ಒಂದು ಪಾಠವನ್ನೂ ಪೌಲನ ಹತ್ತು ಪತ್ರಗಳನ್ನೂ ಮಾತ್ರ ಇಟ್ಟುಕೊಂಡನು. ರೋಮಿನ ಸಭೆಯು ೧೪೪ರಲ್ಲಿ ಅವನನ್ನು ಹೊರಹಾಕಿತು. ಮತ್ತೊಂದು ಕಡೆ ಜ್ಞಾನವಾದಿಗಳು ಎಲ್ಲ ವಾಕ್ಯಗಳನ್ನೂ ಇಟ್ಟುಕೊಂಡು ಅವುಗಳಿಂದ ಬೇರೆಯೇ ಒಂದು ಕಥೆಯನ್ನು ಕಟ್ಟಿದರು.

ಇವರಿಬ್ಬರಿಗೂ ಉತ್ತರವಾಗಿ ಲಿಯೋನಿನ ಧರ್ಮಾಧ್ಯಕ್ಷನಾದ ಐರೆನೇಯನು ೧೮೦ರ ಸುಮಾರಿಗೆ ಬರೆದ ಗ್ರಂಥದಲ್ಲಿ ಎರಡು ದೃಷ್ಟಾಂತಗಳಿವೆ. ಕುಶಲನಾದ ಶಿಲ್ಪಿಯು ರತ್ನದ ಹರಳುಗಳಿಂದ ರಾಜನ ಮೂರ್ತಿಯನ್ನು ರಚಿಸಿರಲಾಗಿ, ಒಬ್ಬನು ಅವೇ ಹರಳುಗಳನ್ನು ಕಿತ್ತು ನರಿಯ ಆಕಾರಕ್ಕೆ ಜೋಡಿಸಿ, ಇದೇ ಆ ರಾಜನೆಂದು ಹೇಳಿದರೆ ಹರಳುಗಳು ನಿಜವಾದುವೆಂಬ ಮಾತ್ರದಿಂದ ಮೂರ್ತಿಯು ನಿಜವಾದೀತೆ ಎಂಬುದು ಮೊದಲನೆಯದು. ಹೋಮರನ ಕಾವ್ಯದಿಂದ ಅಲ್ಲೊಂದು ಇಲ್ಲೊಂದು ಪಂಕ್ತಿಯನ್ನಾಯ್ದು ಹೊಸದೊಂದು ಕಥೆಯನ್ನು ಹೊಸೆದರೆ, ಹೋಮರನನ್ನು ಬಲ್ಲವನು ಪಂಕ್ತಿಗಳನ್ನು ಗುರುತಿಸುವನು, ಕಥೆಯನ್ನು ಒಪ್ಪನು ಎಂಬುದು ಎರಡನೆಯದು. ಸಮಸ್ಯಾಪೂರಣವನ್ನೂ ಪಾದಗ್ರಹಣವನ್ನೂ ಬಲ್ಲ ನಮಗೆ ಇದರ ಸ್ವಾರಸ್ಯವು ಸುಲಭವಾಗಿ ವೇದ್ಯವಾಗುತ್ತದೆ. ಪ್ರತಿಯೊಂದು ಪಂಕ್ತಿಯನ್ನೂ ಅದರದರ ಸ್ಥಾನಕ್ಕೆ ಹಿಂದಿರುಗಿಸುವುದೇ ವ್ಯಾಖ್ಯಾತೃವಿನ ಕೆಲಸವೆಂದು ಅವನ ಸಿದ್ಧಾಂತ. ಆದಾಮನ ಕಥೆಯನ್ನು ಕ್ರಿಸ್ತನು ಮೊದಲಿನಿಂದ ಮತ್ತೆ ನಡೆದು ಸರಿಪಡಿಸಿದನೆಂಬ ಅವನ ಪ್ರಸಿದ್ಧ ವಾದವೂ ಇದಕ್ಕೆ ಸೇರಿದುದು.

ಸುಮಾರು ೪೦೦ರಲ್ಲಿ ಅಗಸ್ಟೀನನು ಹೊಸಬರಿಗೆ ಉಪದೇಶ ಮಾಡುವ ಕ್ರಮವನ್ನು ಕುರಿತು ಬರೆದ ಪುಸ್ತಕದಲ್ಲಿ, ಸೃಷ್ಟಿಯಿಂದ ಹಿಡಿದು ತನ್ನ ಕಾಲದ ಸಭೆಯವರೆಗೆ ಕಥೆಯನ್ನು ಹೇಳಬೇಕೆಂದು ವಿಧಿಸಿದನು. ಹದಿನೆಂಟನೆಯ ಶತಮಾನದಿಂದೀಚೆಗೆ ಐರೋಪ್ಯ ವಿದ್ವಾಂಸರು ಒಂದೊಂದು ಪುಸ್ತಕದ ಕಾಲ, ಕರ್ತೃ, ಮೂಲಸಾಮಗ್ರಿಗಳನ್ನು ವಿಂಗಡಿಸಿ ನೋಡತೊಡಗಿದಾಗ ಈ ಸೂತ್ರವು ಸಡಿಲವಾಯಿತು. ಯೇಲ್ ವಿಶ್ವವಿದ್ಯಾಲಯದ ಹ್ಯಾನ್ಸ್ ಫ್ರೈ ೧೯೭೪ರಲ್ಲಿ ಪ್ರಕಟಿಸಿದ ಗ್ರಂಥವು, ಬೈಬಲ್ಲಿನ ಆಖ್ಯಾನಕ್ಕೆ ಹಿಡಿದ ಈ ಗ್ರಹಣವನ್ನೇ ವಿಷಯವಾಗಿ ಉಳ್ಳದ್ದು. ಆಸ್ಕರ್ ಕುಲ್ಮನ್ ೧೯೪೬ರಲ್ಲಿ ಸೂತ್ರವನ್ನು ಮತ್ತೆ ಎತ್ತಿಹಿಡಿಯುತ್ತ, ಮಹಾಯುದ್ಧದಿಂದ ಒಂದು ದೃಷ್ಟಾಂತವನ್ನು ತೆಗೆದುಕೊಂಡನು: ನಿರ್ಣಾಯಕವಾದ ಕಾಳಗವು ಮುಗಿದಿದೆ, ಜಯದಿವಸವು ಇನ್ನೂ ಬಂದಿಲ್ಲ, ಹೊಸ ಒಡಂಬಡಿಕೆಯ ಮಾತುಗಳೆಲ್ಲ ಈ ನಡುಗಾಲದಲ್ಲಿ ನಿಂತು ಆಡಿದವು.

೭

ಈ ವಿಚಾರವು ಕೇವಲ ಪಂಡಿತಗೋಷ್ಠಿಯದೆಂದು ಎಣಿಸಬಾರದು. ಕಥೆಯಿಂದ ವಾಕ್ಯವನ್ನು ಕಿತ್ತರೆ ಏನಾಗುವುದೆಂಬುದಕ್ಕೆ ಚರಿತ್ರೆಯಲ್ಲಿ ಘೋರವಾದ ಸಾಕ್ಷ್ಯವಿದೆ. ೧೮೦೭ರಲ್ಲಿ ಲಂಡನ್ನಿನಲ್ಲಿ, ಬ್ರಿಟಿಷ್ ವೆಸ್ಟ್ ಇಂಡೀಸ್ ದ್ವೀಪಗಳ ನೀಗ್ರೋ ದಾಸರ ಉಪಯೋಗಕ್ಕೆಂದು ಆಯ್ದ ಭಾಗಗಳ ಬೈಬಲ್ಲೊಂದು ಅಚ್ಚಾಯಿತು. ಅದರಲ್ಲಿ ಯೋಸೇಫನು ದಾಸನಾಗಿ ಮಾರಲ್ಪಟ್ಟ ಕಥೆಯಿತ್ತು; ಇಸ್ರಾಯೇಲ್ಯರು ದಾಸ್ಯದಿಂದ ಬಿಡುಗಡೆಯಾದ ಕಥೆಯಿರಲಿಲ್ಲ. ದಾಸನೆಂದೂ ಸ್ವತಂತ್ರನೆಂದೂ ಭೇದವಿಲ್ಲವೆಂಬ ಪೌಲನ ಗಲಾತ್ಯಪತ್ರದ ವಚನವೂ ಇರಲಿಲ್ಲ. ಉಳಿಸಿದ ಯಾವ ವಾಕ್ಯವನ್ನೂ ತಿದ್ದಬೇಕಾಗಲಿಲ್ಲ. ಸೂತ್ರವನ್ನು ತುಂಡರಿಸಿದ್ದೇ ಸಾಕಾಯಿತು. ದಾಸರು ಯಜಮಾನರಿಗೆ ವಿಧೇಯರಾಗಿರಬೇಕೆಂಬ ವಚನವನ್ನೇ ಅಮೆರಿಕದ ಯಜಮಾನರು ಬೋಧಿಸುತ್ತಿದ್ದ ಕಾಲದಲ್ಲಿ, ಅಲ್ಲಿನ ದಾಸರು ತಮ್ಮ ಹಾಡುಗಳಲ್ಲಿ ಮೋಶೆಯನ್ನೂ ಫರೋಹನನ್ನೂ ನೆನೆಯುತ್ತಿದ್ದರು. ಯಜಮಾನರ ಬಳಿ ವಚನವಿತ್ತು. ಓದುಬಾರದ ದಾಸರ ಬಳಿ ಕಥೆಯಿತ್ತು. ವ್ಯಾಖ್ಯಾನದೃಷ್ಟಿಯಿಂದಲೂ ದಾಸರ ಪಕ್ಷವೇ ಪ್ರಬಲವೆಂದು ಹೇಳದೆ ವಿಧಿಯಿಲ್ಲ.

ಹಾಗೆಂದು ಕಥಾಸೂತ್ರವು ಸ್ವತಃ ನಿರ್ದೋಷವೆಂದು ಹೇಳಲಾಗದು. ಅದೇ ಪುಸ್ತಕಗಳನ್ನು ಪೂಜ್ಯವೆಂದು ಓದುವ ಯೆಹೂದ್ಯರು ಆ ಉಪಸಂಹಾರವನ್ನು ಒಪ್ಪುವುದಿಲ್ಲ. ಎರಡನೆಯ ಶತಮಾನದಲ್ಲಿ ಜಸ್ಟಿನನು ಬರೆದ ಸಂವಾದಗ್ರಂಥದಲ್ಲಿಯೇ ಟ್ರೈಫೋನೆಂಬ ಯೆಹೂದ್ಯನು, ಯೆಶಾಯನ ಏಳನೆಯ ಅಧ್ಯಾಯದ ಪದಕ್ಕೆ 'ಕನ್ಯೆ' ಎಂದಲ್ಲ, 'ತರುಣಿ' ಎಂದೇ ಅರ್ಥವೆಂದೂ, ಆ ಮಾತು ಹಿಜ್ಕೀಯ ರಾಜನನ್ನು ಕುರಿತುದೆಂದೂ ವಾದಿಸುತ್ತಾನೆ. ಕಥೆಯು ನಮ್ಮಲ್ಲಿಯೇ ಮುಗಿಯಿತೆಂದು ಹೇಳುವವರು, ಕಥೆಯನ್ನು ಮೊದಲು ಹೊತ್ತುತಂದವರನ್ನು ನಿರುಪಯುಕ್ತರೆಂದು ತಳ್ಳಿಹಾಕುವ ಅಪಾಯವಿದೆ. ಐರೋಪ್ಯ ಕ್ರೈಸ್ತರು ಶತಮಾನಗಳ ಕಾಲ ಹಾಗೆಯೇ ಮಾಡಿದರು. ಅದರಿಂದಾದ ಹಿಂಸೆಯು ಲೋಕಪ್ರಸಿದ್ಧವಾಗಿದೆ. ಇದರ ಪರಿಹಾರವನ್ನೂ ಅವರು ಅದೇ ಕಥೆಯಲ್ಲಿಯೇ ಹುಡುಕಬೇಕಾಯಿತು. ರೋಮಾಪುರದವರಿಗೆ ಬರೆದ ಪತ್ರದ ಹನ್ನೊಂದನೆಯ ಅಧ್ಯಾಯದಲ್ಲಿ ಪೌಲನು ಅನ್ಯಜನಾಂಗದವರನ್ನು ಊರ ಎಣ್ಣೆಮರಕ್ಕೆ ಕಸಿಮಾಡಿದ ಕಾಡುಕೊಂಬೆಗಳಿಗೆ ಹೋಲಿಸಿ, ಕೊಂಬೆಯು ಬೇರನ್ನು ಹೊತ್ತಿಲ್ಲ, ಬೇರೇ ಕೊಂಬೆಯನ್ನು ಹೊತ್ತಿದೆ ಎಂದು ಎಚ್ಚರಿಸಿದ್ದಾನೆ. ಎರಡನೆಯ ವ್ಯಾಟಿಕನ್ ಮಹಾಸಭೆಯು ೧೯೬೫ರಲ್ಲಿ ಯೆಹೂದ್ಯರ ವಿಷಯದ ತನ್ನ ಘೋಷಣೆಯನ್ನು ಮಾಡುವಾಗ ಆಶ್ರಯಿಸಿದುದು ಈ ಅಧ್ಯಾಯವನ್ನೇ. ೨೦೦೧ರಲ್ಲಿ ಕ್ಯಾಥೊಲಿಕರ ಬೈಬಲ್ ಮಂಡಲಿಯು ಪ್ರಕಟಿಸಿದ ಗ್ರಂಥದಲ್ಲಿ, ಯೆಹೂದ್ಯರು ತಮ್ಮ ಶಾಸ್ತ್ರವನ್ನು ಓದುವ ರೀತಿಯೂ ಸಂಭಾವ್ಯವಾದುದೇ ಎಂದು ಒಪ್ಪಿರುವುದು ಗಮನಾರ್ಹ. ಅಂತ್ಯದಿಂದ ಹಿಂದಿರುಗಿ ನೋಡಿದವನಿಗೆ ಮಾತ್ರ ಆದಿಯಲ್ಲಿ ಅದರ ಸೂಚನೆಯು ಕಾಣುತ್ತದೆ. ಅಂತ್ಯವನ್ನು ಒಪ್ಪದವನಿಗೆ ಕಾಣದಿರುವುದು ಅವನ ಕಣ್ಣಿನ ದೋಷವಲ್ಲ ಎಂಬುದು ಈ ಒಪ್ಪಿಗೆಯ ಸಾರ.

ಲೂಕನ ಸುವಾರ್ತೆಯ ಕಡೆಯ ಅಧ್ಯಾಯವೂ ಇದನ್ನೇ ಹೇಳುತ್ತದೆಂದು ನನಗೆ ತೋರುತ್ತದೆ. ಎಮ್ಮಾಹುವಿಗೆ ನಡೆದುಹೋಗುತ್ತಿದ್ದ ಇಬ್ಬರು ಶಿಷ್ಯರಿಗೆ ಶಾಸ್ತ್ರವಾಕ್ಯಗಳೆಲ್ಲ ಮೊದಲೇ ಗೊತ್ತಿದ್ದುವು, ಆದರೂ ಅರ್ಥವಾಗಿರಲಿಲ್ಲ. ಜೊತೆಗೂಡಿದ ಅಪರಿಚಿತನು ಅವರಿಗೆ ಹೊಸ ವಾಕ್ಯವನ್ನು ಕೊಡಲಿಲ್ಲ. ಮೋಶೆಯಿಂದ ಆರಂಭಿಸಿ ಕ್ರಮವಾಗಿ ಕಥೆಯನ್ನು ಹೇಳಿದನು.

೮

ಉಪಾಧ್ಯಾಯರಿಗೆ ಇದರಿಂದ ಆಗತಕ್ಕ ಪ್ರಯೋಜನವನ್ನು ಹೇಳಿ ಲೇಖನವನ್ನು ಮುಗಿಸುವೆನು. ಮಿಲ್ಟನ್ನನ 'ಪ್ಯಾರಡೈಸ್ ಲಾಸ್ಟ್' ಕಾವ್ಯದ ಹನ್ನೆರಡು ಸರ್ಗಗಳಲ್ಲಿ ಕಡೆಯ ಎರಡು ನೀರಸವೆಂದು ಬಿಡುವುದುಂಟು. ಅಲ್ಲಿ ಮೀಕಾಯೇಲನೆಂಬ ದೇವದೂತನು ಆದಾಮನಿಗೆ ಕಾಯಿನನಿಂದ ಲೋಕಾಂತದವರೆಗಿನ ಕಥೆಯನ್ನೆಲ್ಲ ಹೇಳುತ್ತಾನೆ. ಮೇಲೆ ಹೇಳಿದ ಕ್ರಮವನ್ನು ತಿಳಿದವನಿಗೆ ಆ ಸರ್ಗಗಳೇ ಕಾವ್ಯದ ತಾತ್ಪರ್ಯಸ್ಥಾನವೆಂಬುದು ತಿಳಿಯುತ್ತದೆ. ಪತನದ ಅರ್ಥವು ಕಥೆಯ ಉಳಿದ ಭಾಗದಲ್ಲಿದೆ.

ಕನ್ನಡಕ್ಕೂ ಇದರೊಡನೆ ಸಂಬಂಧವಿದೆ. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕೈಕೊಂಡ ಭಾಷಾಂತರವು ಮುಂದುವರಿದು ೧೮೩೧ರಲ್ಲಿ ಸಂಪೂರ್ಣ ಬೈಬಲ್ಲು ಕನ್ನಡದಲ್ಲಿ ದೊರೆಯಿತು. ಕನ್ನಡ ಬೈಬಲ್ಲಿನಲ್ಲಿ ಮೋಶೆಯ ಐದು ಪುಸ್ತಕಗಳಿಗೆ ಆದಿಕಾಂಡ, ವಿಮೋಚನಕಾಂಡ ಮೊದಲಾದ ಹೆಸರುಗಳು ನೆಲೆಗೊಂಡಿವೆ. ರಾಮಾಯಣವನ್ನು ಕೇಳಿದ ಕಿವಿಗೆ 'ಕಾಂಡ'ವೆಂದೊಡನೆ ಇದು ಒಂದು ದೊಡ್ಡ ಕಥೆಯ ಭಾಗ, ಮುಂದೆ ಇನ್ನೂ ಇದೆ ಎಂಬ ಆಕಾಂಕ್ಷೆಯುಂಟಾಗುತ್ತದೆ. ಗ್ರೀಕ್ ಲ್ಯಾಟಿನ್ ಹೆಸರುಗಳಲ್ಲಿ ಆ ಸೂಚನೆಯಿಲ್ಲ. 'ಒಡಂಬಡಿಕೆ'ಯೆಂಬ ಅಚ್ಚಗನ್ನಡ ಶಬ್ದದಲ್ಲಿಯೂ ಇಬ್ಬರ ನಡುವಣ ಮಾತು, ಅದನ್ನು ನಡಸಿಕೊಡಬೇಕಾದ ಕಾಲ ಎರಡೂ ಧ್ವನಿಸುತ್ತವೆ. ಮೂಲದ ಗ್ರೀಕ್ ಪದಕ್ಕೆ ಮೃತನು ಬರೆದಿಟ್ಟ ಉಯಿಲೆಂಬ ಇನ್ನೊಂದು ಅರ್ಥವೂ ಉಂಟು. ಅದು ಕನ್ನಡ ಶಬ್ದದಲ್ಲಿ ಬರುವುದಿಲ್ಲವಾದರೂ ಕಥೆಯ ಮುಖ್ಯಾರ್ಥಕ್ಕೆ ಹಾನಿಯಿಲ್ಲ.

ಪಾಠದಲ್ಲಿ ಬೈಬಲ್ಲಿನ ವಚನವೊಂದು ಎದುರಾದಾಗ ಉಪಾಧ್ಯಾಯನು ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು: ಇದು ಕಥೆಯ ಯಾವ ಕಾಂಡದಲ್ಲಿ ನಿಂತಿದೆ? ಇದಕ್ಕೆ ಹಿಂದಿನ ಯಾವ ಮಾತು ಇದರಲ್ಲಿ ತುಂಬುತ್ತಿದೆ? ಮುಂದಿನ ಯಾವ ಮಾತಿಗೆ ಇದು ಎಡೆಗೊಡುತ್ತಿದೆ? ಆ ಮತವನ್ನು ಒಪ್ಪಬೇಕೆಂಬ ನಿರ್ಬಂಧವು ಇದರಲ್ಲಿಲ್ಲ. ರಾಜನ ಮೂರ್ತಿಯನ್ನು ರಾಜನ ಮೂರ್ತಿಯಾಗಿಯೇ ನೋಡಬೇಕು, ನರಿಯಾಗಿ ನೋಡಬಾರದು ಎಂಬ ನ್ಯಾಯವು ಆ ರಾಜನಿಗೆ ಪ್ರಜೆಯಲ್ಲದವನಿಗೂ ಸಲ್ಲುತ್ತದೆ.